ಹೊಕ್ಕುಳಿನಲ್ಲಿ ಸಿಕ್ಕ ಕೂದಲು

ಬನಿಯನ್ನಿನ ಮೇಲೆ, ಹೊಕ್ಕುಳು ಬರುವ ಜಾಗಕ್ಕೆ ಸರಿಯಾಗಿ, ಕಿರುಬೆರಳ ತುದಿಯಷ್ಟಗಲದ ಒಂದು ಹಳದಿ ಕಲೆ ಇತ್ತು. ಕಲೆಯ ಸುತ್ತ ಎಣ್ಣೆ ಹಬ್ಬಿದ ತೆಳುವಾದ ಉಂಗುರ. ಒಗೆಯುವ ಕಲ್ಲಿನ ಮೇಲೆ ಹರಡಿ ಸೋಪು ತಿಕ್ಕಿದೆ. ಹಳದಿ ಕೆಂಪಗಾಯಿತು. ಅರಿಶಿನವಾದರೆ ಹಾಗಾಗುತ್ತದೆ. ಮೂಗಿನ ಹತ್ತಿರ ತಂದು ನೋಡಿದೆ. ಹರಳೆಣ್ಣೆಯ ವಾಸನೆ, ಅದರ ಅಡಿಯಲ್ಲಿ ಏನೋ ಕೊಳೆತ ಇನ್ನೊಂದು ವಾಸನೆ.

ನನ್ನ ಗಂಡನ ಹೊಕ್ಕುಳಿಗೆ ಯಾರೋ ಅರಿಶಿನ, ಹರಳೆಣ್ಣೆ ಹಚ್ಚುತ್ತಿದ್ದರು. ಅದು ನಾನಲ್ಲ.

ಇದು ಯುದ್ಧದ ಮೂರನೆಯ ವರ್ಷ, ಕಾಫಿ ಕೊಯ್ಲಿನ ಕಾಲದಲ್ಲಿ ನಡೆದದ್ದು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದ ನಾನು ಮದುವೆಯಾಗಿ ಮಲ್ಲಂದೂರಿನ ಆಚೆಯ ಒಂದು ಎಸ್ಟೇಟಿಗೆ ಬಂದು ಆಗ ವರ್ಷ ತುಂಬಿತ್ತು. ನನ್ನ ಗಂಡ ಆ ಎಸ್ಟೇಟಿನ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಸಂಜೆ ಹಣ್ಣು ಅಳೆಸಿ, ಅದರ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕೆಲಸ ನೋಡಿ ಮನೆಗೆ ಬರುತ್ತಿದ್ದರು. ಕ್ವಾರ್ಟರ್ಸಿನಲ್ಲಿ ನಾವು ಮೂವರು. ಇವರು, ನಾನು, ಇವರ ಅಕ್ಕ. ಆ ಅಕ್ಕನನ್ನು ನಾನು ಅತ್ತಿಗೆ ಎಂದು ಕರೆಯುತ್ತೇನೆ.

ಇಂಥ ಜಾಗದ ಕಾಯಿಲೆಯನ್ನು ಪತ್ರಿಕೆಗೆ ಬರೆಯಲು ನನಗೆ ಸಂಕೋಚವಿತ್ತು. ಇವರನ್ನು ಕೇಳಿದೆ. "ಬರಿ. ನಮ್ಮ ಕಡೆ ಎಲ್ಲರೂ ಹೊಕ್ಕುಳಿಗೆ ಎಣ್ಣೆ ಬಿಡೋರೇ. ಒಬ್ಬನಾದ್ರೂ ಉಳಕೊಳ್ಳಲಿ" ಎಂದರು. ಅತ್ತಿಗೆಗೆ ಓದಲು ಬರುವುದಿಲ್ಲ. ಅಚ್ಚಾಗಿ ಬಂದರೆ ನಾನೇ ಓದಿ ಹೇಳಬೇಕಾಗುತ್ತದೆ.

ಅತ್ತಿಗೆ ಬಾಲ್ಯದಲ್ಲೇ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು ತವರಿಗೆ ಬಂದವರು. ಅವರು ಬಂದ ವರ್ಷವೇ ತಾಯಿ ಹೆರಿಗೆಯಲ್ಲಿ ತೀರಿಹೋದರು. ಉಳಿದ ಕೂಸನ್ನು ಅತ್ತಿಗೆ ಎತ್ತಿಕೊಂಡರು. ಆ ಕೂಸೇ ನನ್ನ ಗಂಡ. ಹಸುವಿನ ಹಾಲಿಗೆ ನೀರು ಬೆರೆಸಿ, ಬಟ್ಟೆಯ ಬತ್ತಿ ಅದ್ದಿ ಅದ್ದಿ ಚೀಪಿಸಿ ಬದುಕಿಸಿದ ಕಥೆಯನ್ನು ನಾನು ಮದುವೆಯಾದ ವಾರದಲ್ಲೇ ಕೇಳಿದ್ದೆ. ಆಮೇಲೂ ಎಷ್ಟೋ ಸಲ ಕೇಳಿದೆ. ಆ ಕಥೆ ನಡೆಯುವಾಗ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನಾನು ಲೋಟ ತೊಳೆಯುತ್ತಿದ್ದೆ.

ಹೊರಗಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಬಂದರೆ ಯಾರ ಹತ್ತಿರವಾದರೂ ಹೇಳಿಕೊಂಡು ಅಳಬಹುದು. ಗಂಡನ ಅಕ್ಕನ ಮೇಲೆ, ಅದೂ ತಲೆ ಬೋಳಿಸಿಕೊಂಡು ಒಪ್ಪೊತ್ತು ಉಣ್ಣುವ ಹೆಂಗಸಿನ ಮೇಲೆ ಬಂದರೆ ಎಲ್ಲಿ ಹೇಳುವುದು?

ಕಲೆ ಕಂಡ ಮೇಲೆ ಗಮನಿಸತೊಡಗಿದೆ. ಮೊದಲೆಲ್ಲ ಅತ್ತಿಗೆ ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ, ಮಡಿಯುಟ್ಟು ಒಲೆ ಹಚ್ಚುತ್ತಿದ್ದರು. ಈಗ ತಮ್ಮ ಏಳುವವರೆಗೂ ಸ್ನಾನವಿಲ್ಲದೆ ಕಾಯುತ್ತಿದ್ದರು. ಇವರು ಎದ್ದು ಬಚ್ಚಲು ಮನೆಗೆ ಹೋದರೆ ಹಿಂದೆಯೇ ಹೋಗಿ ಬಾಗಿಲು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಇವರು ಹೊರಗೆ ಬರುತ್ತಿದ್ದರು. ಅತ್ತಿಗೆಯ ಸ್ನಾನ ಆಮೇಲೆ. ಮಡಿಯಲ್ಲಿ ಮುಟ್ಟಬಾರದ್ದನ್ನು ಏನನ್ನೋ ಮುಟ್ಟುತ್ತಿದ್ದಾರೆ, ಆದ್ದರಿಂದ ಮೊದಲು ಆ ಕೆಲಸ, ನಂತರ ಸ್ನಾನ ಎಂದು ನನಗೆ ಅರ್ಥವಾಯಿತು. ಇವರು ನನ್ನ ಎದುರು ಬನಿಯನ್ ತೆಗೆಯುವುದನ್ನು ಬಿಟ್ಟು ಎಷ್ಟು ದಿನವಾಯಿತೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಅದು ಇನ್ನೂ ಬೇಸರವಾಯಿತು.

ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲ ಹೊರಗೆ ನಿಂತು, "ಬಿಸಿನೀರು ಸಾಕಾ?" ಎಂದು ಕೇಳಿದೆ.

"ಸಾಕು ಮಾರಾಯ್ತಿ. ನೀನು ಹೋಗಿ ಕಾಫಿ ಸೋಸು" ಎಂದರು ಅತ್ತಿಗೆ ಒಳಗಿನಿಂದ.

ಇವರು ನಗುತ್ತಿದ್ದರು. "ಅಕ್ಕ, ಕಚಗುಳಿ ಆಗ್ತದೆ, ಬಿಡು" ಎನ್ನುತ್ತಿದ್ದರು.

ನಾನು ಹೋಗಿ ಕಾಫಿ ಸೋಸಿದೆ. ಅಡುಗೆಯೆಲ್ಲ ಅತ್ತಿಗೆಯದು. ಆ ಮನೆಯಲ್ಲಿ ನನ್ನ ಕೈಯಿಂದ ನನ್ನ ಗಂಡನಿಗೆ ಸೇರುತ್ತಿದ್ದದ್ದು ಕಾಫಿಯೊಂದೇ.

ಮುಂದಿನ ವಾರ ಒಳಗಿನಿಂದ ನಗು ಬರುವುದು ನಿಂತಿತು. ಇವರ ಮೈ ಬಿಸಿಯಾಗಿರುತ್ತಿತ್ತು. ಪಂಚೆಯ ಮೇಲೆ ಬೆಲ್ಟು ಬಿಗಿಯುವುದನ್ನು ಬಿಟ್ಟು, ಬಗ್ಗಿಕೊಂಡು ನಡೆಯುತ್ತಿದ್ದರು. ಕೇಳಿದರೆ "ಅಜೀರ್ಣ" ಎಂದರು. ಒಂದು ದಿನ ಬೆಳಿಗ್ಗೆ ಬಚ್ಚಲಿನಿಂದ ಇವರು "ಅಯ್ಯೋ" ಎಂದದ್ದು ಕೇಳಿಸಿತು. ಹಿಂದೆಯೇ ಅತ್ತಿಗೆ ಕಿರುಚಿದರು. ನಾನು ಓಡಿ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ. ಇಷ್ಟು ದಿನವೂ ಹಾಕಿರಲಿಲ್ಲವೋ ಏನೋ, ನಾನು ತಳ್ಳಿ ನೋಡಿರಲಿಲ್ಲ.

ಇವರು ಮಣೆಗೆ ತಲೆ ಕೊಟ್ಟು ಅಂಗಾತ ಮಲಗಿದ್ದರು. ಹೊಕ್ಕುಳಿನ ಸುತ್ತ ಕೆಂಪಗೆ ಊದಿತ್ತು. ನಡುವಿನಿಂದ ಕೀವೂ ರಕ್ತವೂ ಇಳಿಯುತ್ತಿತ್ತು. ಪಕ್ಕದಲ್ಲಿ ಎಣ್ಣೆಯಲ್ಲಿ ನೆನೆದ ಹತ್ತಿಯ ಉಂಡೆಗಳು. ಅತ್ತಿಗೆಯ ಎರಡು ಬೆರಳುಗಳ ನಡುವೆ ಏನೋ ಕರಿಯದು, ಬತ್ತಿಯ ಹಾಗೆ ಹೊಸೆದುಕೊಂಡದ್ದು, ಜೋತಾಡುತ್ತಿತ್ತು. ನಾನು ನೋಡುವಷ್ಟರಲ್ಲಿ ಅದನ್ನು ಹಂಡೆಯ ಕೆಳಗಿನ ಬೆಂಕಿಗೆ ಎಸೆದರು. ಕೂದಲು ಸುಟ್ಟ ವಾಸನೆ ಬಂತು.

"ಕೂದಲು ಕಣೋ ಶೀನ! ನಿನ್ನ ಹೊಟ್ಟೆಯೊಳಗಿಂದ ಕೂದಲು ಬಂತು. ಎಳೆದಷ್ಟೂ ಬಂತು" ಎಂದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ನಾನು ತಲೆಗೆ ನೀರು ಹಾಕಿಕೊಂಡಿದ್ದೆ. ಕೂದಲು ಸೊಂಟದವರೆಗೆ ಬಿಚ್ಚಿತ್ತು.

"ಮದ್ದು ಹಾಕಿದ್ದಾರೆ ನಿಂಗೆ" ಎಂದರು ತಮ್ಮನಿಗೆ, ಕಣ್ಣು ನನ್ನ ಮೇಲಿಟ್ಟು. "ಈ ಮನೇಲಿ ಕೂದಲಿರೋದು ಯಾರಿಗೆ? ನಂಗಂತೂ ಇಲ್ಲ."

ಮದ್ದು ಹಾಕುವುದೆಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಡಸು ಕೈಬಿಟ್ಟು ಹೋಗದಿರಲೆಂದು ಹೆಂಗಸು ಅವನ ಆಹಾರದಲ್ಲಿ ಏನನ್ನೋ ಬೆರೆಸಿ ತಿನ್ನಿಸುತ್ತಾಳೆ, ಅದರಲ್ಲಿ ಅವಳ ಕೂದಲಿರುತ್ತದೆ, ಅದು ಅವನ ಹೊಟ್ಟೆಯಲ್ಲಿ ಕೂತು ಬೆಳೆಯುತ್ತದೆ ಎನ್ನುತ್ತಾರೆ. ಒಮ್ಮೆ ಆ ಹೆಸರು ಬಂದ ಹೆಂಗಸಿನ ಕೈಯಲ್ಲಿ ಯಾರೂ ನೀರು ಕುಡಿಯುವುದಿಲ್ಲ.

"ಅನ್ನ ಬಡಿಸೋಳು ನಾನು" ಎಂದರು ಅತ್ತಿಗೆ. "ಕಾಫೀಲಿ ಕೊಟ್ಟಿದೀಯ. ನನ್ನ ಮೇಲೆ ನಿಂಗೆ ಎಂಥ ಉರಿ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯನಾ? ಬಾಗಿಲ ಹೊರಗೆ ನಿಂತು ಬಿಸಿನೀರು ಸಾಕಾ ಅಂತ ಕೇಳೋಳು ನೀನು!"

ಮದ್ದಿನ ಮಾತು ಸುಳ್ಳು. ಉರಿಯ ಮಾತು ನಿಜ. ನಿಜವಾದದ್ದೊಂದು ಜೊತೆಗಿದ್ದದ್ದರಿಂದ ಸುಳ್ಳಿಗೆ ಉತ್ತರ ಕೊಡಲು ನನಗೆ ನಾಲಿಗೆ ಏಳಲಿಲ್ಲ. "ಇವರಿಗೆ ಜ್ವರ ಇದೆ ಅತ್ತಿಗೆ. ಡಾಕ್ಟರಿಗೆ ತೋರಿಸಬೇಕು" ಎಂದಷ್ಟೇ ಹೇಳಿದೆ.

"ಮದ್ದಿಗೆ ಡಾಕ್ಟರು ಎಂತ ಮಾಡ್ತಾನೆ? ಕಳಸದ ಹತ್ತಿರ ಮದ್ದು ತೆಗೆಯೋರಿದ್ದಾರೆ. ಬೇರು ಅರೆದು ಕುಡ್ಸಿ, ವಾಂತಿ ಮಾಡ್ಸಿ, ಬುಡಸಮೇತ ತೆಗೀತಾರೆ. ನಾಳೆ ಪಾರ್ಚ್‌ಮೆಂಟ್ ಲಾರಿ ಹೋಗ್ತದಲ್ಲ, ಅದರಲ್ಲಿ ಚಿಕ್ಕಮಗಳೂರು. ಅಲ್ಲಿಂದ ನಾನೂ ಶೀನನೂ ಕಳಸದ ಬಸ್ಸು ಹತ್ತೋದು. ನೀನು ಕಡೂರಿಗೆ ಹೋಗಿ ರೈಲು ಹಿಡಿ. ತವರಲ್ಲಿ ಇರು, ಕರೆಸೋವರೆಗೆ."

ಮಧ್ಯಾಹ್ನ ಇವರ ಹತ್ತಿರ ಕೂತೆ. ಜ್ವರದಿಂದ ಕಣ್ಣು ಕೆಂಪಾಗಿತ್ತು. "ನೀವೂ ನಂಬ್ತೀರಾ?" ಎಂದು ಕೇಳಿದೆ.

"ನಂಬೋ ಮಾತಲ್ಲ ಲಲಿತಾ. ಅವಳಿಗೆ ಎದುರಾಡಿ ನಂಗೆ ಗೊತ್ತಿಲ್ಲ."

"ನನಗೇಕೆ ತೋರಿಸಲಿಲ್ಲ?"

ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೇಳಿದರು. "ನಾತ ಬರ್ತಿತ್ತು. ಅಕ್ಕ ನನ್ನ ಹೇಲು ಬಾಚಿದವಳು, ಅವಳ ಹತ್ತಿರ ನಾಚಿಕೆ ಎಂಥದು? ನಂಗೆ ನಾಚಿಕೆ ಅಂತ ಇರೋದು ನಿನ್ನ ಹತ್ತಿರ ಮಾತ್ರ."

ಈ ಮಾತನ್ನು ಆಮೇಲೆ ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಒಂದು ಕಡೆಯಿಂದ ನೋಡಿದರೆ ಅದು ನನಗೆ ಕೊಟ್ಟ ಸ್ಥಾನ. ಇನ್ನೊಂದು ಕಡೆಯಿಂದ ನೋಡಿದರೆ ನನ್ನನ್ನು ಹೊರಗೆ ನಿಲ್ಲಿಸಿದ ಬಾಗಿಲು. ಆ ದಿನ ನಾನು ಎರಡನೆಯದನ್ನು ಮಾತ್ರ ನೋಡಿದೆ. ಎದ್ದು ಹೋಗಿ ಟ್ರಂಕು ಕಟ್ಟಿದೆ.

ಮರುದಿನ ಲಾರಿಯಲ್ಲಿ ಮೇಲುಗಡೆಯವರೆಗೆ, ಹೊಟ್ಟು ಸುಲಿಸಲು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೊರಟ ಪಾರ್ಚ್‌ಮೆಂಟ್ ಕಾಫಿಯ ಚೀಲಗಳು. ಡ್ರೈವರು ಇಬ್ರಾಹಿಂ ಸಾಬರು ಇವರನ್ನು ಹಿಡಿದು ಹತ್ತಿಸುತ್ತ, "ಏನು ರೈಟರೇ, ಕಾಫಿ ಜೊತೆ ನಿಮ್ಮನ್ನೂ ಕ್ಯೂರಿಂಗಿಗೆ ಹಾಕಿ ಬರೋದಾ?" ಎಂದರು. ಇವರು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. ಅತ್ತಿಗೆ ಮುಂದೆ ಕೂರಲು ಒಪ್ಪಲಿಲ್ಲ. "ನಾನು ಚೀಲದ ಮೇಲೆ ಕೂರ್ತೇನೆ. ಚೀಲಕ್ಕೆ ಮೈಲಿಗೆ ಇಲ್ಲ" ಎಂದು ಹಗ್ಗ ಹಿಡಿದು ಹತ್ತಿಯೇಬಿಟ್ಟರು. ಇವರು ಡ್ರೈವರಿಗೂ ನನಗೂ ನಡುವೆ ಕೂತರು.

ಕಾಡಿನ ತಿರುವಿನಲ್ಲಿ ಇವರ ತಲೆ ನನ್ನ ಹೆಗಲಿಗೆ ಒರಗಿತು. ಸುಡುತ್ತಿತ್ತು. ನನಗೆ ಹೆದರಿಕೆಯಾಗಬೇಕಿತ್ತು, ಆಯಿತು ಕೂಡ. ಆದರೂ ಆ ಭಾರ ಹಾಗೇ ಇರಲಿ ಅನ್ನಿಸಿತು. ಇವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಅಕ್ಕ ಹಗ್ಗ ಬಿಗಿಯಾಗಿ ಹಿಡಕೊಂಡಿದ್ದಾಳಾ ನೋಡು."

ತಲೆ ಹೊರಗೆ ಹಾಕಿ ನೋಡಿದೆ. ಹಿಡಿದುಕೊಂಡಿದ್ದರು. ನನ್ನ ಟ್ರಂಕಿಗೆ ಕಾಲು ಕೊಟ್ಟು, ಸೆರಗನ್ನು ಬೋಳುತಲೆಗೆ ಸುತ್ತಿ, ಎದುರುಗಾಳಿಗೆ ಮುಖ ಕೊಟ್ಟು ಕೂತಿದ್ದರು.

ಚಿಕ್ಕಮಗಳೂರಿನಲ್ಲಿ ಕಳಸದ ಬಸ್ಸಿಗೆ ಇನ್ನೂ ಇದ್ದಿಲು ತುಂಬಿರಲಿಲ್ಲ. ಪೆಟ್ರೋಲು ಸಿಗದ ಕಾಲ, ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಗ್ಯಾಸಿನಿಂದ. ಇದ್ದಿಲು ಹಾಕಿ, ಬೆಂಕಿ ಹಿಡಿಸಿ, ಅದು ಹೊರಡುವ ಹೊತ್ತಿಗೆ ಮಧ್ಯಾಹ್ನ ಎಂದರು. ನಾನು ಅತ್ತಿಗೆಗೆ, "ಹೇಗೂ ಕಾಯಬೇಕು. ಅಲ್ಲಿಯವರೆಗೆ ಆಸ್ಪತ್ರೆಯ ನೆರಳಿನಲ್ಲಿ ಕೂರೋಣ. ಡಾಕ್ಟರು ಒಂದು ಸಲ ನೋಡಲಿ. ಆಮೇಲೆ ನೀವು ಹೇಳಿದ ಹಾಗೆ. ನಾನೂ ಕಡೂರಿಗೆ ಹೋಗ್ತೇನೆ" ಎಂದೆ. ಅತ್ತಿಗೆ ತಮ್ಮನ ಮುಖ ನೋಡಿದರು. ಬಿಸಿಲಿನಲ್ಲಿ ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. "ನಾನೂ ಜೊತೆಗಿರಬೇಕು" ಎಂಬ ಷರತ್ತಿನ ಮೇಲೆ ಒಪ್ಪಿದರು.

ಕಾಂಪೌಂಡರು ಬಾಗಿಲಲ್ಲಿ ನಿಂತು, "ರೋಗಿ ಜೊತೆ ಒಬ್ಬರು ಮಾತ್ರ. ಯಾರು ಬರೋದು?" ಎಂದರು.

ಇವರು ನಮ್ಮಿಬ್ಬರನ್ನೂ ನೋಡಲಿಲ್ಲ. "ಅಕ್ಕ ಬರಲಿ" ಎಂದರು.

ನಾನು ಬೆಂಚಿನ ಮೇಲೆ ಕೂತೆ. ಎದುರಿನ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಬಳಿದವನು ಒಂದು ಮೊಳೆಯ ಸುತ್ತ ಬಿಟ್ಟು ಬಳಿದಿದ್ದ. ಅದನ್ನೇ ನೋಡುತ್ತಿದ್ದೆ. ಒಳಗೆ ಪಾತ್ರೆಗಳ ಸದ್ದು, ಇವರ ನರಳಾಟ, ಅತ್ತಿಗೆಯ "ಆಯ್ತು ಮಗಾ, ಆಯ್ತು." ಆಮೇಲೆ ಅತ್ತಿಗೆ ಎತ್ತರದ ದನಿಯಲ್ಲಿ ಏನೋ ವಾದಿಸುವುದು ಕೇಳಿಸಿತು. ಬಾಗಿಲು ತೆರೆಯಿತು. "ಹೆಂಡತಿಯವರು ಯಾರು? ಡಾಕ್ಟರು ಕರೀತಾರೆ" ಎಂದರು ಕಾಂಪೌಂಡರು.

ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದರು. ಮಧ್ಯವಯಸ್ಸಿನವರು, ಚುರುಕು ಮಾತು. "ನೀವೇ ಏನಮ್ಮ ಮದ್ದು ಹಾಕಿದವರು?"

"ನಾನು ಹಾಕಿಲ್ಲ."

"ಗೊತ್ತು. ಎಲ್ಲಿ, ನಿಮ್ಮ ತಲೆಯದೊಂದು ಕೂದಲು ಕೊಡಿ."

ಗುರುತಿಲ್ಲದ ಗಂಡಸಿನ ಎದುರು ತುರುಬಿಗೆ ಕೈ ಹಾಕಲು ನಾಚಿಕೆಯಾಯಿತು. ಒಂದೆಳೆ ಕಿತ್ತುಕೊಟ್ಟೆ. ಡಾಕ್ಟರು ಅದನ್ನು ಬಿಳಿಯ ತಟ್ಟೆಯಲ್ಲಿ ಉದ್ದಕ್ಕೆ ಇಟ್ಟರು. ಅದು ತಟ್ಟೆ ದಾಟಿ ಮೇಜಿನಿಂದ ಕೆಳಗೆ ಇಳಿಯಿತು. ತಟ್ಟೆಯ ಇನ್ನೊಂದು ಬದಿಯಲ್ಲಿ ಹೊಕ್ಕುಳಿನಿಂದ ಆಗಷ್ಟೇ ತೆಗೆದು ತೊಳೆದ ಕೂದಲುಗಳ ಗೊಂಚಲು ಇತ್ತು. ಅದನ್ನು ಚಿಮುಟದಿಂದ ಬಿಡಿಸಿದರು. ಒಂದೊಂದೂ ಅರ್ಧ ಬೆರಳಿಗಿಂತ ಗಿಡ್ಡ, ದಪ್ಪ, ಸ್ವಲ್ಪ ಗುಂಗುರು. ಇವರ ಹೊಟ್ಟೆಯ ಮೇಲಿಂದ ಒಂದು ಕೂದಲು ಕಿತ್ತು ಪಕ್ಕದಲ್ಲಿಟ್ಟರು. ಎರಡೂ ಒಂದೇ ಜಾತಿಯದು.

"ನೋಡಿ, ಇವಕ್ಕೆ ಎರಡೂ ತುದಿ ಕತ್ತರಿಸಿದೆ, ಬುಡವೇ ಇಲ್ಲ. ಹೊಟ್ಟೆಯಲ್ಲಿ ಬೆಳೆದದ್ದಾದರೆ ಬುಡ ಇರಬೇಡವಾ?" ಎಂದರು. "ಕ್ಷೌರದವನು ಇವರ ಎದೆ, ಹೊಟ್ಟೆ ಬೋಳಿಸ್ತಾನಾ?"

"ಹೌದು. ನಮ್ಮ ಮನೆ ಗಂಡಸರಿಗೆ ಅದೇ ಪದ್ಧತಿ" ಎಂದರು ಅತ್ತಿಗೆ.

"ಇವರ ಹೊಕ್ಕುಳು ಆಳ, ಬಾಯಿ ಕಿರಿದು, ಮೈಯೆಲ್ಲ ಕೂದಲು. ಬೋಳಿಸಿದ ಚೂರುಗಳು ಅದರೊಳಗೆ ಬೀಳ್ತವೆ. ಅಲ್ಲಿಂದ ಹೊರಗೆ ಬರೋಕೆ ದಾರಿ ಇಲ್ಲ. ಬೆವರಿಗೆ ಚರ್ಮ ಮೆತ್ತಗಾಗ್ತದೆ. ಕತ್ತಿ ತಾಗಿದ ಕೂದಲಿನ ತುದಿ ಮುಳ್ಳಿದ್ದ ಹಾಗೆ. ಬಗ್ಗಿದಾಗ, ಬೆಲ್ಟು ಒತ್ತಿದಾಗ ಚರ್ಮದೊಳಗೆ ಇಳೀತದೆ. ಒಂದು ಹೋದ ದಾರಿಯಲ್ಲಿ ಇನ್ನೊಂದು. ಕಾಲಿಗೆ ಮುಳ್ಳು ಮುರಿದರೆ ಕೀವು ಆಗೋದಿಲ್ಲವಾ, ಇದೂ ಅದೇ. ಬೆನ್ನಿನ ಬುಡದಲ್ಲಿ ಹೀಗಾದದ್ದು ನೋಡಿದ್ದೇನೆ. ಹೊಕ್ಕುಳಲ್ಲಿ ಅಪರೂಪ." ಅತ್ತಿಗೆಯ ಕಡೆ ತಿರುಗಿದರು. "ನೀವು ಹರಳೆಣ್ಣೆ ಬಿಟ್ಟು, ಹತ್ತಿ ತುರುಕಿ, ಬಾಯಿ ಮುಚ್ಚಿದಿರಿ. ಕೀವು ಹೊರಗೆ ಬರೋ ಬದಲು ಒಳಗೇ ತುಂಬಿತು."

ಅತ್ತಿಗೆ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ಒಂದು ಕೇಳಬೇಕು. ಹುಟ್ಟಿದಾಗ ಹೊಕ್ಕುಳು ಸರಿಯಾಗಿ ಒಣಗಿತ್ತಾ? ನೀರು ಸೋರ್ತಿತ್ತಾ? ಕೆಲವರಿಗೆ ಹುಟ್ಟಿನಿಂದ ಒಂದು ನಾಳ ಉಳಿದಿರ್ತದೆ. ಹಾಗಿದ್ರೆ ಚಿಕಿತ್ಸೆ ಬೇರೆ."

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಇಡೀ ಲೋಕದಲ್ಲಿ ಒಬ್ಬರೇ. ಅತ್ತಿಗೆ ಬೆನ್ನು ನೆಟ್ಟಗೆ ಮಾಡಿದರು. "ನಾಮಕರಣಕ್ಕೆ ಮೊದಲೇ ಬಳ್ಳಿ ಬಿತ್ತು. ಬೆರಣಿ ಬೂದಿ ಒತ್ತಿದೆ. ಒಣಗಿ ಮಲ್ಲಿಗೆ ಮೊಗ್ಗಿನ ಹಾಗೆ ಆಯ್ತು. ಒಂದು ತೊಟ್ಟು ಸೋರಿಲ್ಲ."

"ಬೂದಿ ಒತ್ತಿಯೂ ಬದುಕಿದರಲ್ಲ, ಪುಣ್ಯವಂತರು. ಸರಿ, ಹಾಗಾದರೆ ಹುಟ್ಟಿನಿಂದ ಬಂದದ್ದಲ್ಲ" ಎಂದರು ಡಾಕ್ಟರು.

ಮೇಜಿನ ಮೇಲೆ ಮಲಗಿದ್ದ ಇವರು ನಕ್ಕರು. ಅತ್ತಿಗೆಯ ತುಟಿಯೂ ಅಲುಗಿತು. ಆರೋಪದಿಂದ ಬಿಡುಗಡೆಯಾದ ಗಳಿಗೆಯಲ್ಲೂ ನಾನು ಲೋಟ ತೊಳೆಯುವವಳ ಜಾಗದಲ್ಲೇ ನಿಂತಿದ್ದೆ. ಇವರಿಗೆ ನಾನು ಏನೇ ಆಗಲಿ, ಆ ಮಲ್ಲಿಗೆ ಮೊಗ್ಗನ್ನು ಕಂಡವಳಾಗಲು ಸಾಧ್ಯವಿರಲಿಲ್ಲ.

ಬಿಡುಗಡೆಯೂ ಪೂರ್ತಿಯಾಗಿರಲಿಲ್ಲ. ತಟ್ಟೆಯತ್ತ ಕೈ ತೋರಿಸಿ, "ಈಗ ಗೊತ್ತಾಯಿತೇ, ಯಾರ ಕೂದಲು ಅಂತ?" ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ತಲೆ ಹಿಂದಕ್ಕೆ ಎಳೆದುಕೊಂಡು ನೋಡಿ, "ಎಲ್ಲ ಕೂದಲೂ ಕರಿಯದೇ" ಎಂದರು. "ಓದಿದವರಿಗೆ ಓದಿದವರು."

ಡಾಕ್ಟರು ಮುಂದಿನ ಕ್ರಮ ಹೇಳಿದರು. ಬೆಳಿಗ್ಗೆ ಪಟ್ಟಿ ಬಿಚ್ಚಿ, ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯಬೇಕು. ಬೆಳಕಿನಲ್ಲಿ ನೋಡಿ, ಕೂದಲು ಉಳಿದಿದ್ದರೆ ಚಿಮುಟದಿಂದ ತೆಗೆಯಬೇಕು. ಒಣಗಿಸಿ ಹೊಸ ಪಟ್ಟಿ ಕಟ್ಟಬೇಕು. ಎಣ್ಣೆ ಸೋಕಿಸಕೂಡದು, ಹತ್ತಿ ತುರುಕಕೂಡದು. ವಾಸಿಯಾದ ಮೇಲೂ ಕ್ಷೌರವಾದ ಕೂಡಲೇ ಸ್ನಾನ ಮಾಡಿ, ಹೊಕ್ಕುಳೊಳಗೆ ಒರೆಸಿ ನೋಡಬೇಕು. "ಇಷ್ಟು ಮಾಡಿದರೆ ಬಹಳ ಮಂದಿಗೆ ಸಾಕಾಗ್ತದೆ. ಮತ್ತೆ ಮತ್ತೆ ಬಂದರೆ ಆ ದಾರಿಯನ್ನೇ ಕತ್ತರಿಸಿ ತೆಗೀಬೇಕು, ಹೊಕ್ಕುಳೂ ಹೋಗಬಹುದು. ಯಾರು ನೋಡಿಕೊಳ್ತೀರಿ?"

ಅತ್ತಿಗೆ ಕೈ ಚಾಚಿದರು. ಡಾಕ್ಟರು ಚಿಮುಟ ಕೊಟ್ಟು, ಬಿಳಿಯ ಬಟ್ಟೆಯ ಮೇಲೆ ಒಂದು ಗಿಡ್ಡ ಕೂದಲನ್ನಿಟ್ಟು, "ಇದನ್ನ ಎತ್ತಿ" ಎಂದರು. ಅತ್ತಿಗೆ ಎತ್ತಲು ಹೋದರು. ಚಿಮುಟ ಬರಿಯ ಬಟ್ಟೆಯನ್ನು ಹಿಡಿಯಿತು. ಬಟ್ಟೆಯನ್ನು ದೂರ ಸರಿಸಿ, ಕುತ್ತಿಗೆ ಹಿಂದಕ್ಕೆ ಚಾಚಿ, ಮತ್ತೆ ಹೋದರು. ಮತ್ತೆ ಬಟ್ಟೆಯೇ. ಅವರಿಗೆ ಚಾಳೀಸು ಬಂದಿತ್ತು. ಹತ್ತಿರದ್ದು ಕಾಣುತ್ತಿರಲಿಲ್ಲ. ಮಡಿ ಹೆಂಗಸಿಗೆ ಕನ್ನಡಕ ಏಕೆಂದು ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ಬಚ್ಚಲಿನ ಮಬ್ಬಿನಲ್ಲಿ ತಮ್ಮನ ಹೊಕ್ಕುಳನ್ನು ಬೆರಳಿನಿಂದಲೇ ನೋಡುತ್ತಿದ್ದರು. ಕೀವಿನಲ್ಲಿ ಅಂಟಿಕೊಂಡು ಒಂದರ ಹಿಂದೊಂದು ಬಂದ ಚೂರುಗಳು ಆ ಬೆರಳುಗಳಿಗೆ ಒಂದೇ ಉದ್ದನೆಯ ಜಡೆಯಾಗಿ ತೋರಿದ್ದವು.

ಡಾಕ್ಟರು ಚಿಮುಟವನ್ನು ಅವರ ಕೈಯಿಂದ ಬಿಡಿಸಿ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ. ಸಂತೋಷವಾಯಿತು. ಅತ್ತಿಗೆಯ ಮುಖ ನೋಡಿದ ಮೇಲೂ ಸಂತೋಷ ಹೋಗಲಿಲ್ಲ.

ಹೊರಗೆ ಬಂದಾಗ ಕಳಸದ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಕಾಫಿ ಇಳಿಸಿ ಬಂದ ನಮ್ಮ ಲಾರಿಯೂ ಹತ್ತಿರದಲ್ಲೇ ಇತ್ತು. ಇವರು, "ಅಕ್ಕ, ಹೊಟ್ಟೆ ಹಗುರಾಯ್ತು. ಮನೆಗೆ ಹೋಗೋಣ" ಎಂದರು.

"ನಿನ್ನಿಷ್ಟ. ಆದ್ರೂ ಹಾಕಿದ್ದು ಹಾಕಿದ್ದೇ" ಎಂದರು ಅತ್ತಿಗೆ.

ಇಬ್ರಾಹಿಂ ಸಾಬರು ನನ್ನ ಟ್ರಂಕಿನ ಮೇಲೆ ಕೈಯಿಟ್ಟು, "ಕಡೂರಿಗೆ ಅಂದಿದ್ರಲ್ಲ, ಅಮ್ಮಾವ್ರ ಟ್ರಂಕು ಇಳಿಸೋದಾ?" ಎಂದು ಕೇಳಿದರು. ಅತ್ತಿಗೆ ಬಸ್ಸಿನ ಕಡೆ ನೋಡುತ್ತಿದ್ದರು. ನಾನು ಇವರ ಕಡೆ ನೋಡಲಿಲ್ಲ. ನೋಡಿ ಕೇಳಿಕೊಳ್ಳುವುದು ನನಗೆ ಬೇಡವಾಗಿತ್ತು.

"ಇರಲಿ ಬಿಡಿ ಸಾಬರೇ. ಅದು ಮನೆಗೇ ಬರಬೇಕು" ಎಂದರು ಇವರು.

ಗಾಯ ಮಾಗಿತು. ಈವರೆಗೆ ಮತ್ತೆ ಬಂದಿಲ್ಲ. ಕ್ಷೌರದ ದಿನ ಇವರು ತಾವಾಗಿಯೇ ಬಂದು ಬನಿಯನ್ ಎತ್ತಿ ನಿಲ್ಲುತ್ತಾರೆ. ಅತ್ತಿಗೆ ಕೂಸಿನ ಕಥೆಯನ್ನು ಈಗಲೂ ಹೇಳುತ್ತಾರೆ. ನನಗೆ ಈಗಲೂ ಎದ್ದು ಹೋಗಬೇಕೆನ್ನಿಸುತ್ತದೆ. ಓದು ನನಗೆ ಕೂದಲಿನ ಎರಡು ತುದಿಗಳನ್ನು ನೋಡಲು ಕಲಿಸಿದೆ. ಈ ಉರಿಗೆ ಅದರಲ್ಲಿ ಮದ್ದಿಲ್ಲ. ಆದರೆ ಅತ್ತಿಗೆಯ ಆ ಕೈ ಬರಿಯ ಬಟ್ಟೆಯನ್ನು ಹಿಡಿದದ್ದು ನೆನಪಾದಾಗಲೆಲ್ಲ ಕೂತಲ್ಲೇ ಕೂರುತ್ತೇನೆ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಎದ್ದಾಗ ಅತ್ತಿಗೆ ಹಿಂದಿನ ಹಾಗೆ ಬೇಗನೆ ಸ್ನಾನ ಮುಗಿಸಿ, ಮಡಿಯುಟ್ಟು ಒಲೆಯ ಮುಂದಿದ್ದರು. ಉಪ್ಪುನೀರು ಕುದಿಸಿಕೊಂಡು ಇವರನ್ನು ಬಚ್ಚಲಿಗೆ ಕರೆದೆ. ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರ ಕೆಳಗೆ ಬೆಳಕು ಬೀಳುವ ಕಡೆ ಮಲಗಿಸಿದೆ. ಇವರು ಕಣ್ಣು ಮುಚ್ಚಿಕೊಂಡು ತಾವೇ ಬನಿಯನ್ ಎತ್ತಿದರು. ಪಟ್ಟಿ ಬಿಚ್ಚಿ ತೊಳೆದೆ. ಹೊಕ್ಕುಳಿನ ಒಳಬದಿಗೆ ಒತ್ತಿಕೊಂಡು ಒಂದು ಕೂದಲು ಉಳಿದಿತ್ತು. ಚಿಮುಟದಿಂದ ಎತ್ತಿ, ಬಿಳಿಯ ಬಸಿಯ ಮೇಲೆ ಇಟ್ಟೆ.

ಆಮೇಲೆ ಕೋಣೆಗೆ ಹೋಗಿ, ಕಟ್ಟಿದ್ದ ಟ್ರಂಕು ಬಿಚ್ಚಿದೆ. ತಳದಲ್ಲಿ ಕಾಲೇಜಿನಲ್ಲಿ ಹೂವಿನ ಕೇಸರ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಇತ್ತು. ಬಸಿಯನ್ನೂ ಅದನ್ನೂ ತೆಗೆದುಕೊಂಡು ಹೋಗಿ, ಮಡಿಯಲ್ಲಿದ್ದ ಅತ್ತಿಗೆಯನ್ನು ಮುಟ್ಟದಂತೆ ಅಡುಗೆಮನೆಯ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದು ನಿಂತೆ.

ಅತ್ತಿಗೆ ನನ್ನನ್ನು ನೋಡಿದರು. ಹೊಸ್ತಿಲನ್ನು ನೋಡಿದರು. ಒಲೆಯ ಉರಿ ತಗ್ಗಿಸಿ ಬಂದು ಕೂತರು. ಗಾಜನ್ನು ಎತ್ತಿ, ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕೈ ಒಂದು ಕಡೆ ನಿಂತಿತು. ಬಹಳ ಹೊತ್ತು ನೋಡಿದರು.

"ಗಿಡ್ಡ ಇದೆ" ಎಂದರು.

ಗಾಜನ್ನು ಬಸಿಯ ಪಕ್ಕದಲ್ಲಿ ಮೆಲ್ಲಗೆ ಇಟ್ಟರು. ಬಚ್ಚಲಿನ ಕಡೆ ಒಮ್ಮೆ ನೋಡಿ, "ಒಳಗೆ ಇನ್ನೂ ಇದೆಯನಾ?" ಎಂದು ಕೇಳಿದರು.

"ನೋಡಬೇಕು ಅತ್ತಿಗೆ" ಎಂದೆ. ಹಿಂದಕ್ಕೆ ಹೋಗಿ, ಬಚ್ಚಲಿನ ಬಾಗಿಲು ಮುಚ್ಚಿ, ಚಿಲಕ ಹಾಕಿಕೊಂಡೆ.